ತಮ್ಮ ಕೀಲಿ ಕ್ಷೇಮ

ಭಾಲ್ಕಿ
೧೯ ಏಪ್ರಿಲ್ ೨೦೧೬

ಔರಾದದಲ್ಲಿ ಗಸ್ತು ತಿರುಗುತ್ತ, ಭಾಲ್ಕಿಯಲ್ಲೊಬ್ಬಳು ಹೆಂಡತಿ ಇರುವುದನ್ನು ಮರೆತ ಪೊಲೀಸ್ ಮಚ್ಛೇಂದ್ರ ಅವರಿಗೆ ಕೌಸಲ್ಯಾಬಾಯಿಯ ಜೈಭೀಮ್, ಮೇಲೊಂದು ಕಡಕ್ ಸಲ್ಯೂಟ್.

ತಮ್ಮ ಮನೆ ಕ್ಷೇಮ. ತಮ್ಮ ಕೀಲಿ ಕ್ಷೇಮ. ತಮ್ಮ ತಮ್ಮ ದತ್ತಾತ್ರಿ ಮಾತ್ರ ಮುಂಜಾನೆಯಿಂದ ನಮ್ಮ ಠಾಣೆಯ ಬೆಂಚಿನ ಮೇಲೆ ಕುಳಿತಿದ್ದಾನೆ. ಗಾಬರಿಯಾಗಬೇಡಿ, ಚಹಾ ಕೊಡಿಸಿದ್ದೇನೆ. ಅತ್ತುಕೊಂಡೇ ಕುಡಿದ.

ಹೋದ ಬೇಸಿಗೆಯಲ್ಲಿ ನಾನು ಸಾಯಗಾಂವದ ತವರಿಗೆ ಹೋಗಿ ಬರುವಷ್ಟರಲ್ಲಿ ನೀವು ನಮ್ಮ ಬಾಗಿಲಿಗೆ ತೆಂಗಿನಕಾಯಿ ಗಾತ್ರದ ಕೀಲಿ ಜಡಿದು ಹೋಗಿಬಿಟ್ಟಿದ್ದಿರಿ. ಯಾರೂ ಕೇಳಲಿಲ್ಲ. ಕೇಳಲು ಓಣಿಯಲ್ಲಿ ಯಾರಿದ್ದರು? ಬೋರ್‌ವೆಲ್ ಬತ್ತಿ ಅರ್ಧ ಓಣಿ ದುಡಿಯಲಿಕ್ಕೆ ಹೈದರಾಬಾದಿಗೆ, ಪುಣೆಗೆ ಹೋಗಿತ್ತು. ಅಷ್ಟೊಂದು ಕೀಲಿಗಳ ನಡುವೆ ನಿಮ್ಮ ಕೀಲಿ ಯಾರ ಕಣ್ಣಿಗೂ ಬೀಳಲಿಲ್ಲ. ಅವ್ವ ಕೊಟ್ಟ ತಾಮ್ರದ ಹಂಡೆ, ನನ್ನ ಹೊಲಿಗೆ ಮಷಿನ್ ಒಳಗೆ. ನಾನು ಹೊರಗೆ, ಕೈಯಲ್ಲಿ ರೊಟ್ಟಿ ಗಂಟು.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ನೀವು ಬಚಾವಾಗುತ್ತಿದ್ದಿರಿ. ಆದರೆ ಇಲಾಖೆಯ ಮನುಷ್ಯರಲ್ಲವೇ, ಅನ್ಯಾಯವನ್ನೂ ಕಾಯ್ದೆ ಪ್ರಕಾರವೇ ಮಾಡಬೇಕು. ಊರು ಬಿಟ್ಟು ಹೋಗುವವರು ಠಾಣೆಗೆ ಒಂದು ಅರ್ಜಿ ಕೊಟ್ಟು ಹೋದರೆ ಗಸ್ತಿನವರು ಅವರ ಬಾಗಿಲ ಕೀಲಿ ಅಲುಗಾಡಿಸಿ ನೋಡುತ್ತಾರಲ್ಲ, ಹಾಗೇ ಈ ಬೇಸಿಗೆ ನೀವೂ ಅರ್ಜಿ ಕಳಿಸಿದಿರಿ. ‘ನನ್ನ ಹೆಂಡತಿ ದುಡಿಯಲು ಹೋದವಳು ಮರಳಿಲ್ಲ. ಮನೆ ಖಾಲಿ ಇದೆ. ನನ್ನ ಹೊರತು ಯಾರೇ ಬಾಗಿಲು ತೆರೆದರೂ, ಅವರು ಯಾವ ಸಂಬಂಧ ಹೇಳಿದರೂ, ಕಳ್ಳರೆಂದು ಹಿಡಿಯಬೇಕು.’ ಆ ಸಂಬಂಧ ಯಾರದ್ದೆಂದು ನನಗೆ ಗೊತ್ತಿಲ್ಲವೇ?

ನಿಮಗೆ ಗೊತ್ತಿಲ್ಲದ್ದು ಒಂದೇ. ಅಷ್ಟರಲ್ಲಿ ನಾನು ಹೋಮ್ ಗಾರ್ಡ್ ಸೇರಿದ್ದೆ. ಗಂಡಸರೆಲ್ಲ ನೀರಿನ ಟ್ಯಾಂಕರಿನ ಬಂದೋಬಸ್ತಿಗೆ ಹೋಗಿ ಗಸ್ತಿಗೆ ಜನ ಸಾಲದೆ, ಪೊಲೀಸ್ ಮಕ್ಸೂದ ಭಾಯಿಯ ಜೋಡಿ ನನ್ನನ್ನು ಹಾಕಿದರು. ನಿಮ್ಮ ಅರ್ಜಿ ನೇರ ನನ್ನ ಕೈಗೇ ಬಂತು. ಹೊಸದಾಗಿ ಬಂದ ಸಾಹೇಬರು, “ಈ ಮನಿ ಮ್ಯಾಲೆ ಜರಾ ಖಯಾಲ್ ಇರ್ಲಿ, ನಮ್ಮ ಇಲಾಖೆಯವ್ರದ ಅದ” ಎಂದರು. ನಾನು ಮಡಚಿ ಜೇಬಿಗಿಟ್ಟು, “ಆಗ್ಲಿರಿ ಸಾಹೇಬ್ರ, ನನ್ನ ಮನಿ ಅಂತಾನೇ ಕಾಯ್ತೇನಿ” ಎಂದೆ.

ಕಾದೆ. ನನ್ನದೇ ಮನೆಯ ಕೀಲಿಯನ್ನು ದಿನಾ ಅಲುಗಾಡಿಸಿ ‘ಸುರಕ್ಷಿತ’ ಎಂದು ವರದಿ ಕೊಟ್ಟೆ. ಇದಕ್ಕೆ ಇಲಾಖೆ ಪದಕ ಕೊಡದಿದ್ದರೆ ನೀವೇ ಶಿಫಾರಸು ಮಾಡಬೇಕು.

ಇವತ್ತು ಮುಂಜಾನೆ ದತ್ತಾತ್ರಿ ಬಂದ. ಕೈಯಲ್ಲಿ ನಿಮ್ಮ ಕೀಲಿಕೈ, ಹಿಂದೊಂದು ಟಂಟಂ ಗಾಡಿ. ಬಾಗಿಲು ತೆರೆದು ಹೊಸ್ತಿಲು ದಾಟಿದನೋ ಇಲ್ಲವೋ, ಖಾಕಿ ತೊಟ್ಟ ನಾನು ಅವನ ಕೊರಳಪಟ್ಟಿ ಹಿಡಿದೆ. ಪಾಪ ನನ್ನ ಮೈದುನ, ಠಾಣೆ ಮುಟ್ಟುವ ತನಕ ಅದೊಂದೇ ಕೇಳುತ್ತಿದ್ದ: “ವೈನಿ, ನೀವು ಅದೆಲ್ಲಿಂದ ಬಂದ್ರಿ?”

ಸಾಹೇಬರ ಮುಂದೆ ಎಲ್ಲ ಉಗುಳಿದ. “ನಾ ಕಳ್ಳ ಅಲ್ರೀ, ಇವ್ರು ನಮ್ಮ ವೈನಿ. ಅಣ್ಣನ ಮದಿವಿ ಅದ, ಔರಾದದ ಕಾಶೀರಾಮ ಮಾಮಾನ ಮಗಳ ಜೋಡಿ. ಹಂಡೆ, ಮಷಿನ್ ತಗೊಂಡ್ ಬಾ ಅಂದಾನ್ರಿ.”

ಸಾಹೇಬರು ನಿಮ್ಮ ಅರ್ಜಿಯನ್ನು ನೋಡಿದರು, ನನ್ನನ್ನು ನೋಡಿದರು. “ಇದ್ದ ಹೆಂಡ್ತಿ ನಮ್ಮ ಠಾಣಾದಾಗ ಗಸ್ತು ಹೊಡಿಲಾಕತ್ತಾಳ, ಮತ್ತೊಂದು ಮದಿವಿ ಹ್ಯಾಂಗೋ?” ಎಂದರು. ಮಕ್ಸೂದ ಭಾಯಿ ನಗು ತಡೆಯಲಾರದೆ ಹೊರಗೋಡಿದ. ನಾನು ನಗಲಿಲ್ಲ. ಡ್ಯೂಟಿಯ ಮೇಲಿದ್ದೆ.

ಈಗ ಕೆಲಸದ ಮಾತು. ಕೀಲಿಕೈ ಠಾಣೆಯಲ್ಲಿದೆ. ನೀವೇ ಬಂದು, ನಿಂತು, ಈ ಮನೆ ಖಾಲಿಯಿಲ್ಲ, ಇದು ನನ್ನ ಹೆಂಡತಿ ಕೌಸಲ್ಯಾಬಾಯಿ ಇರುವ ಮನೆ ಎಂದು ಬಾಗಿಲಾಚೆ ಚಹಾ ಅಂಗಡಿಯವನಿಗೂ ಕೇಳುವಂತೆ ಹೇಳಬೇಕು. ಹೇಳದಿದ್ದರೆ ದತ್ತಾತ್ರಿ ಕಳ್ಳ. ಅರ್ಜಿ ನಿಮ್ಮದು, ಸಹಿ ನಿಮ್ಮದು. ಹೇಳಿದರೆ ದತ್ತಾತ್ರಿ ಮನೆಗೆ, ಕೀಲಿಕೈ ನನಗೆ, ನೀವು ವಾಪಸ್ ಔರಾದಕ್ಕೆ. ಸಂಸಾರಕ್ಕೆ ಕರೆಯುತ್ತಿದ್ದೇನೆಂದು ಹೊಸ ಅಂಗಿ ಹಾಕಿಕೊಂಡು ಬರಬೇಡಿ.

ಪತ್ರವನ್ನು ಮಕ್ಸೂದ ಭಾಯಿ ಬಸ್ಸಿನಲ್ಲಿ ತರುತ್ತಿದ್ದಾನೆ. ಲಕೋಟೆ ಅಂಟಿಸಿಲ್ಲ. ಬಸ್ ಸ್ಟ್ಯಾಂಡಿನಿಂದ ಬರುವಾಗ ಕಾಶೀರಾಮ ಮಾಮಾನ ಮನೆ ಮೊದಲು ಸಿಗುತ್ತದಂತೆ. ಅಲ್ಲಿ ಒಮ್ಮೆ ಗಟ್ಟಿಯಾಗಿ ಓದಿ, ಆಮೇಲೆ ನಿಮಗೆ ಕೊಡಲು ಹೇಳಿದ್ದೇನೆ. ಆದ್ದರಿಂದ ಬರುವಾಗ ನೀವು ಒಬ್ಬರೇ ಇರಲಿಕ್ಕಿಲ್ಲ.

ತಮ್ಮ ಬಾಗಿಲ ಕಾವಲಿನವಳು,
ಕೌಸಲ್ಯಾಬಾಯಿ
ಹೋಮ್ ಗಾರ್ಡ್, ಭಾಲ್ಕಿ

ತಾ.ಕ.: ನಾನು ಎಲ್ಲಿಂದ ಬಂದೆ ಎಂದು ದತ್ತಾತ್ರಿ ನಿಮ್ಮನ್ನೂ ಕೇಳುತ್ತಾನೆ, ಉತ್ತರ ಗೊತ್ತಿರಲಿ. ಒಳಗಿನಿಂದಲೇ. ಹಿತ್ತಲ ಬಾಗಿಲ ಚಿಲಕ ಸವೆದಿದೆ, ಸ್ವಲ್ಪ ಎತ್ತಿ ನೂಕಿದರೆ ತೆರೆಯುತ್ತದೆ, ಮಾಡಿಸಿರಿ ಎಂದು ಎಷ್ಟು ಹೇಳಿದ್ದೆ! “ಮಾಡಸ್ತೇನಿ ತಗೊ” ಎನ್ನುತ್ತಿದ್ದಿರಿ. ಮಾಡಿಸಲಿಲ್ಲ, ಉಪಕಾರವಾಯಿತು. ಹೋದ ಬೇಸಿಗೆಯಿಂದ ಹಿಂದಿನ ಮನೆಯ ಮಹಮೂದಾ ಬೇಗಂ ಆಪಾ ಅವರ ಅಂಗಳದಿಂದ ಹಾಯ್ದು ದಿನಾ ನನ್ನ ಮನೆಗೇ ಹೋಗಿ ಮಲಗುತ್ತಿದ್ದೇನೆ. ಗಸ್ತಿನ ಪೊಲೀಸರು ಮುಂಬಾಗಿಲ ಕೀಲಿ ಬಿಟ್ಟು ಬೇರೇನೂ ನೋಡುವುದಿಲ್ಲವೆಂದು ಮದುವೆಯಾದ ಹೊಸತರಲ್ಲಿ ನಗುತ್ತ ಹೇಳಿದವರು ನೀವೇ.