ಹುಣಸೆಯ ಕೆಳಗಿನ ಜೇಕು

ಮನಗೂಳಿ
೮ ಸೆಪ್ಟೆಂಬರ್ ೨೦೨೪

ಪ್ರೀತಿಯ ಶಮ್ಶು,

ಹೊಸದಾಗಿ ಅಜ್ಜಿಯಾದವಳಿಗೆ ನಮಸ್ಕಾರ. ಮಗಳು ಹುಮಾ, ಕೂಸು ಇಬ್ಬರೂ ಆರಾಮ ಇದ್ದಾರೆಂದು ನಿನ್ನ ಮಗ ಅಫ್ತಾಬ ಹೇಳಿದ. ಈಗ ಹೇಳಹೊರಟ ಸಂಗತಿಯನ್ನು ಫೋನಿನಲ್ಲಿ ಹೇಳಿದರೆ ನೀನು ಸಿಂದಗಿಯ ಮಗಳ ಮನೆಯಿಂದಲೇ ಬೈಯುತ್ತೀ. ಕಾಗದವಾದರೆ ಪೂರ್ತಿ ಓದಿ ಬೈಯಬೇಕಾಗುತ್ತದೆ.

ನಿನ್ನ ಹಿತ್ತಲಿನ ಜೇಕು ಹುಲ್ಲನ್ನು ನಾನು ಕದ್ದೆ.

ನಾವಿಬ್ಬರೂ ಸಾಲೆಯ ಮಕ್ಕಳ ಜೊತೆ ಟ್ರಿಪ್ಪಿಗೆ ಹೋದಾಗ ಮುದ್ದೇಬಿಹಾಳದ ಕಡೆ ಹಳ್ಳದ ದಂಡೆಯ ಮರಗಳ ನೆರಳಲ್ಲಿ ಸಿಕ್ಕಿದ್ದಲ್ಲವೇ ಅದು? ಹೊಲದಲ್ಲಿ ಕಿತ್ತಷ್ಟೂ ಬರುವ ಜೇಕಲ್ಲ. ಎಳೆ ಸಣ್ಣದು, ದಂಟಿಗೆ ಮೂರು ಮೂಲೆ, ಬಿಸಿಲು ತಾಗಿದರೆ ಮುನಿಸು. ನಿನ್ನ ಹುಣಸೆಯ ಕೆಳಗೆ ಚಾಪೆಯಂತೆ ಹಬ್ಬಿತು. ನೀನು ಕೊಟ್ಟದ್ದನ್ನು ನಾನು ಒಮ್ಮೆ ಬಿಸಿಲಲ್ಲಿಟ್ಟು ಸುಟ್ಟೆ, ಒಮ್ಮೆ ನೀರು ನಿಲ್ಲಿಸಿ ಕೊಳೆಸಿದೆ. ಮೂರನೆಯದನ್ನು ನಮ್ಮ ಯಜಮಾನರು ಪ್ರಹ್ಲಾದರಾಯರು, "ಹೊಲದಾಗಿನ ಪೀಡಾ ಮನಿಗೂ ತಂದೀಯೇನ?" ಎಂದು ಬೇರುಸಹಿತ ಕಿತ್ತರು. "ಇನ್ನ ನಿನಗ ಒಂದ ಎಳೀನೂ ಕೊಡಂಗಿಲ್ಲ" ಎಂದು ಆಣೆ ಮಾಡಿದೆ ನೀನು. ಆಡಿದ ಮಾತನ್ನು ಹಿಂದೆ ತೆಗೆದುಕೊಂಡವಳೇ ಅಲ್ಲ.

ಆಮೇಲೆ, ಕೂಸು ಬಂದರೆ ಕೆಸರು ಬೇಡವೆಂದು ಹಿತ್ತಲಿಗೆ ಫರಸಿ ಕಲ್ಲು ಹಾಸಲು ನಿಶ್ಚಯಿಸಿದಿರಿ. ನೀನು ಸಿಂದಗಿಗೆ ಹೋದ ಮೇಲೆ ಕಲ್ಲಿನ ಟ್ರ್ಯಾಕ್ಟರ್ ಬಂದು ನಿಂತಿತು. ಊರಲ್ಲಿ ಆ ಜೇಕು ಬೇರೆಲ್ಲೂ ಇಲ್ಲ. ಹಾಡುಹಗಲೇ ನುಗ್ಗಿ, ಒಂದು ಬುಡವನ್ನು ಮಣ್ಣುಸಹಿತ ಎತ್ತಿ ಸೆರಗಿನಲ್ಲಿ ಮುಚ್ಚಿಕೊಂಡು ಬಂದೆ. ಕೇಳಿ ತಂದ ಗಿಡಕ್ಕಿಂತ ಕದ್ದು ತಂದದ್ದು ಬೇಗ ಹತ್ತುತ್ತದೆಂದು ನಮ್ಮ ಓಣಿಯವರು ನಂಬುತ್ತಾರಲ್ಲ, ಆ ಧೈರ್ಯ.

ಈ ಸಲ ನೀನು ಹೇಳಿದಂತೆಯೇ ಮಾಡಿದೆ. ಎಲೆ ಮೊಟಕು ಮಾಡಿ, ಪ್ರತಿ ತುಂಡಿಗೂ ಬೇರಿರುವಂತೆ ಬಿಡಿಸಿ, ಬೇವಿನ ಕೆಳಗೆ ನೆಟ್ಟು, ಉದುರಿದ ಎಲೆ ಹೊದಿಸಿದೆ. ದಿನಾ ಒಂದು ತಂಬಿಗೆ ನೀರು, ಅಷ್ಟೇ. ಆದರೂ ಒಣಗುತ್ತಾ ಬಂತು. ನನಗೆ ಊಟ ಸೇರಲಿಲ್ಲ. ಇವತ್ತು ಮುಂಜಾನೆ ರಾಯರೇ ಕೂಗಿದರು: "ಏ ಇಂದೂ, ನಿನ್ನ ಪೀಡಾ ಚಿಗತದ ನೋಡು ಬಾ!" ಖುಷಿಗೆ ಅವರಿಗೆ ಎರಡು ಸಲ ಚಹಾ ಕೊಟ್ಟೆ. ಈಗ ಅವರೇ ಕೋಲು ಹಿಡಿದು ಆಡು ಓಡಿಸುತ್ತಿದ್ದಾರೆ.

ನಿನ್ನಲ್ಲಿ ಉಳಿದದ್ದೆಲ್ಲ ಫರಸಿಯ ಅಡಿಗೆ ಹೋಯಿತು. ಹುಣಸೆಯ ಸುತ್ತ ಮಾತ್ರ ಅಫ್ತಾಬ ಒಂದಿಷ್ಟು ಮಣ್ಣು ಬಿಟ್ಟಿದ್ದಾನೆ. ಮಳೆ ಮುಗಿಯುವುದರೊಳಗೆ ಬಾ, ಅರ್ಧ ಅಲ್ಲಿ ನೆಡೋಣ.

ನಿನ್ನ ಕಳ್ಳಿ,
ಇಂದೂಬಾಯಿ

ತಾ.ಕ.: ಒಂದು ಸಂಗತಿ ಮುಚ್ಚಿಟ್ಟಿದ್ದೆ. ನಾನು ಕದಿಯಲು ಬಂದಾಗ ಹಿತ್ತಲ ಬಾಗಿಲಿಗೆ ಅಗಳಿ ಇರಲಿಲ್ಲ. ಯಾರೋ ಜೇಕಿಗೆ ನೀರು ಹಾಕಿ ಮಣ್ಣು ಮೆತ್ತಗೆ ಮಾಡಿ, ಪಕ್ಕದಲ್ಲೇ ಅಗೆಯುವ ಕುರ್ಪಿ ಇಟ್ಟಿದ್ದರು. ನಿನ್ನೆ ಅಫ್ತಾಬನನ್ನು ಗದರಿಸಿ ಕೇಳಿದೆ. "ಅಮ್ಮಿ ಫೋನ್ ಮಾಡಿದ್ಳರಿ. ಇಂದೂಬಾಯಾರು ಕಳವು ಮಾಡಾಕ ಬರ್ತಾರ, ನೀ ಮನಿಯಾಗ ಇರಬ್ಯಾಡ ಅಂದ್ಳು" ಎಂದ.