ಕೆಂಪು ಗಾಡಿಯ ಹಿಂದಿನ ಗಾಜು

ಜೂನ್ 9, ಸೋಮವಾರ

ಏಳರ ಬಸ್ಸು ಏಳೂ ನಲವತ್ತಕ್ಕೆ ಬಂತು. ಸಿಂಧನೂರಿನಿಂದ ನಿಂತೇ ಪ್ರಯಾಣ. ಮಸ್ಕಿಯಲ್ಲಿ ಚಾಂದ್‌ಬೀ ಹತ್ತಿದಳು, ಅವಳೂ ನಿಂತಳು. ನಮ್ಮ ಶಾಲೆಯ ಉರ್ದು ಟೀಚರ್, ಹನ್ನೊಂದು ವರ್ಷದಿಂದ ಬಸ್ಸಿನ ಜೊತೆಗಾತಿ. ಲಿಂಗಸುಗೂರು ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದಿತ್ತು. ಪಿ.ಟಿ. ಟೀಚರ್ ನಾನೇ ಪ್ರಾರ್ಥನೆಗೆ ಇಲ್ಲ! ಹೆಡ್‌ಮಾಸ್ಟರು ಮಕ್ಕಳ ಎದುರಿಗೇ ಗಡಿಯಾರ ನೋಡಿಕೊಂಡರು. ಮೈ ಉರಿಯಿತು.

ಸಾಕು. ಕಾರು ತಗೋತೀನಿ. ಲೈಸೆನ್ಸ್ ಬಂದು ಎರಡು ವರ್ಷ, ಪರ್ಸಿನಲ್ಲಿ ಕೊಳೆಯುತ್ತಿದೆ.

ಚಾಂದ್‌ಬೀ ಕೇಳಿದಳು, "ಎಂಥಾದು ತಗೊಂತೀ?"

"ಸಣ್ಣದು. ಆದ್ರ ಖೋ ಅಂದ ಕೂಡ್ಲೇ ಹುಡುಗ್ಯಾರು ಎದ್ದು ಓಡ್ತಾರಲ್ಲ, ಹಂಗ ಓಡ್ಬೇಕು."

ಜೂನ್ 15, ರವಿವಾರ

ಶೋರೂಮಿಗೆ ಹೋಗಿದ್ದೆವು, ನಾನು ಮತ್ತು ಶಿವಕಾಂತ. ಗಂಡನ ಹೆಸರು ಬಾಯಲ್ಲಿ ಹೇಳುವಂತಿಲ್ಲ. ಇಲ್ಲಿ ಹೆಸರು ಹಿಡಿದೇ ಬರೆಯುತ್ತೇನೆ, ಏಕವಚನದಲ್ಲೇ. ಯಾರು ಓದುತ್ತಾರೆ?

ಸೇಲ್ಸ್‌ಮನ್ ವಿರೇಶ ಅಂತ. ಕಾರು ನನಗೆ ಅಂತ ಬಾಗಿಲಲ್ಲೇ ಹೇಳಿದೆ. ಆದರೂ ಮಾತೆಲ್ಲ ಗಂಡನ ಜೊತೆ. "ಸರ್, ಮೇಡಮ್ಮೋರಿಗೆ ಆಟೋಮ್ಯಾಟಿಕ್ ಛಲೋ ಆಕ್ಕೈತ್ರಿ. ಗೇರು, ಕ್ಲಚ್ಚು ಅಂದ್ರ ತಲಿಬ್ಯಾನಿ."

"ನಂಗ ಗೇರೇ ಬೇಕ್ರಿ. ಟರ್ಬೊ ಇರೋದು ತೋರಿಸ್ರಿ," ಅಂದೆ.

ವಿರೇಶ ಒಪ್ಪಿಗೆಗೆ ಶಿವಕಾಂತನ ಮುಖ ಹುಡುಕಿದ. ಮುಖ ಎಲ್ಲಿದೆ? ಡಿಕ್ಕಿಯೊಳಗೆ. ಬಾನೆಟ್ ನೋಡಲಿಲ್ಲ, ಟೈರು ನೋಡಲಿಲ್ಲ — "ಇದ್ರಾಗ ಗೊಬ್ಬರದ ಚೀಲ ಎಷ್ಟು ಹಿಡಿತಾವಪಾ?" ಬೀಜ-ಗೊಬ್ಬರದ ಅಂಗಡಿ ಇಟ್ಟವನಿಗೆ ಏನು ತೋರಿಸಿದರೂ ಚೀಲವೇ ಕಾಣುತ್ತದೆ. ನಾಚಿಕೆಯೂ ಆಯಿತು, ಸಿಟ್ಟೂ ಬಂತು.

ಟೆಸ್ಟ್ ಡ್ರೈವ್‌ಗೂ ಮೊದಲು ಕೂತದ್ದು ಶಿವಕಾಂತನೇ. ಗೇಟಿನಲ್ಲೇ ಗಾಡಿ ಎರಡು ಸಲ ಬಂದ್ ಬಿತ್ತು. "ಹೊಸಾ ಗಾಡಿ, ಹಂಗ ಅದು" ಅಂದ. ಹೌದಪ್ಪ, ಗಾಡಿಯದೇ ತಪ್ಪು.

ಆಮೇಲೆ ನಾನು. ಎರಡನೇ ಗೇರು... ಮೂರು... ಬೆನ್ನು ತಾನಾಗಿ ಸೀಟಿಗೆ ಅಂಟಿತು. ತಿರುವಿನಲ್ಲಿ ಅಲುಗಲಿಲ್ಲ. ಸ್ಟೇರಿಂಗ್ ನಾನು ಅಂದುಕೊಳ್ಳುವ ಮೊದಲೇ ತಿರುಗುತ್ತದೆ. ಹಿಂದಿನಿಂದ ಶಿವಕಾಂತ, "ಸಾವಕಾಶ, ಸಾವಕಾಶ..." ನಕ್ಕುಬಿಟ್ಟೆ. ಎಷ್ಟು ದಿನವಾಗಿತ್ತು ಹಾಗೆ ನಕ್ಕು.

ಬುಕ್ ಮಾಡಿದೆ. ಕೆಂಪು. ಟರ್ಬೊ. ಗೇರು. ನನ್ನ ಹೆಸರು. ಸಾಲವೂ ನನ್ನ ಸಂಬಳದ ಮೇಲೆ.

ಜೂನ್ 19, ಗುರುವಾರ. ಸ್ಟಾಫ್ ರೂಮ್

ವಿರೇಶನ ಫೋನು. ಬ್ಯಾಂಕಿನ ಕಾಗದಕ್ಕೆ ನನ್ನ ಜಾಮೀನು ಸಹಿ ಬೇಕಂತೆ. ಯಾರಿಗೆ ಜಾಮೀನು?

"ಗಾಡಿ ಸರ್ ಹೆಸರಿಗೆ ಆತಲ್ರಿ. ಬಿಳೀದು, ಆಟೋಮ್ಯಾಟಿಕ್. ನಿನ್ನಿ ಸರ್ ಬಂದು ಚೇಂಜ್ ಮಾಡ್ಸಿ ಹೋಗ್ಯಾರ. ನಿಮಗ ಗೊತ್ತಿಲ್ಲೇನ್ರಿ?"

ಗೊತ್ತಿಲ್ಲ. ನನ್ನ ಕಾರಿನ ಬಣ್ಣ ಬದಲಾದದ್ದು ಊರಿಗೆಲ್ಲ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ.

ಅದೇ ದಿನ, ಸಂಜೆ

ಕೇಳಿದೆ. ಶಿವಕಾಂತ ಅಂಗಡಿಯ ರಸೀದಿ ಪುಸ್ತಕದಿಂದ ತಲೆ ಎತ್ತದೆ ಹೇಳಿದ: "ಅವ್ವ ಮಸ್ಕಿ ಅಯ್ಯನೋರ್ನ ಪಂಚಾಂಗ ಕೇಳ್ಯಾಳ. ನಿನ್ನ ಹೆಸರಿಗೆ ಕೆಂಪು ಗಾಡಿ ಕೂಡಿ ಬರಂಗಿಲ್ಲಂತ. ನನ್ನ ಹೆಸರಿಗೆ ಬಿಳೀದು ಬರತೈತಂತ. ನಾ ಏನ್ ಮಾಡ್ಲಿ?"

"ನನ್ನ ಒಂದ್ ಮಾತು ಕೇಳ್ಬೇಕಿತ್ತು."

"ಕೇಳಿದ್ರ ನೀ ಬ್ಯಾಡ ಅಂತಿದ್ದಿ."

ಊಟ ಬಿಟ್ಟೆ. ಅಡುಗೆ ಮಾಡಿದವಳೂ ನಾನೇ.

ಜೂನ್ 20, ಶುಕ್ರವಾರ

ಶಾಲೆಯಿಂದ ಬರುವಾಗ ಮಸ್ಕಿಯಲ್ಲಿ ಇಳಿದು ಅಯ್ಯನವರ ಮನೆಗೆ ಹೋದೆ. ಚಾಂದ್‌ಬೀ ಜೊತೆಗೆ ಬಂದು ಕಟ್ಟೆಯ ಮೇಲೆ ಕೂತಳು. ಪಾಪ, ಅಯ್ಯನವರು ಒಳ್ಳೆಯ ಮನುಷ್ಯ. ಕನ್ನಡಕ ಏರಿಸಿ ಪಂಚಾಂಗ ತೆಗೆದರು.

"ಹೆಸರು?"

"ಭಾರತಿ."

ಲೆಕ್ಕ ಹಾಕಿದರು, ಬೆರಳು ಎಣಿಸಿದರು. "ಭಾರತಿ ಹೆಸರಿಗೆ ಕೆಂಪು ವಾಹನ ಭಾಳ ಛಲೋ ಐತವ್ವ. ಕಣ್ಣು ಮುಚ್ಚಿ ತಗೋ."

"ಮತ್ತ ಮೊನ್ನೆ ಸಿಂಧನೂರಿನ ನಮ್ಮತ್ತಿ ಪಂಪಮ್ಮಗ ಸೊಸಿ ಹೆಸರಿಗೆ ಬರಂಗಿಲ್ಲ ಅಂದೀರಿ?"

"ಆಕಿ ಕೇಳಿದ್ದು ಅಮರೇಶ್ವರಿ ಅಂತ."

ಅಲ್ಲಿದೆ ನೋಡು. ಅಮರೇಶ್ವರಿ — ಮದುವೆಯ ದಿನ ಗಂಡನ ಮನೆಯವರು ನನಗೆ ಇಟ್ಟ ಹೆಸರು. ಈ ಮನೆ ಬಿಟ್ಟರೆ ಎಲ್ಲೂ ಇಲ್ಲ. ಆಧಾರ್‌ನಲ್ಲಿ ಇಲ್ಲ, ಲೈಸೆನ್ಸಿನಲ್ಲಿ ಇಲ್ಲ, ಸಂಬಳದ ಚೀಟಿಯಲ್ಲಿ ಇಲ್ಲ. ಕಾಗದದ ಮೇಲೆ ಇಲ್ಲದ ಹೆಂಗಸಿನ ಜಾತಕ ನೋಡಿಸಿ ಇರುವ ಹೆಂಗಸಿನ ಗಾಡಿ ಕಿತ್ತುಕೊಂಡರು!

ನನ್ನ ಮೇಲೂ ಸಿಟ್ಟು. ಪಂಚಾಂಗ ಕೇಳಲು ನಾನೂ ಹೋದೆನಲ್ಲ.

ಜೂನ್ 21, ಶನಿವಾರ

ಅತ್ತೆಗೆ ಹೇಳಿದೆ. ಅಕ್ಕಿ ಆರಿಸುತ್ತಿದ್ದರು. ಮೊರ ಕೆಳಗಿಡಲಿಲ್ಲ.

"ಭಾರತಿ ಅಂತ ಈ ಮನಿಯಾಗ ಯಾರದಾರ?"

ಮದುವೆಯಾಗಿ ಹನ್ನೆರಡು ವರ್ಷ. ಯಾರದಾರ ಅಂತೆ. "ಸಂಬಳ ತರಾಕಿ ಅದಾಳ್ರಿ," ಅಂದೆ.

ಶಿವಕಾಂತ ಬಚ್ಚಲಿನ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದ. ಅವನೆದುರೇ ವಿರೇಶನಿಗೆ ಫೋನ್ ಮಾಡಿದೆ. ಕೆಂಪು, ಗೇರು, ಭಾರತಿ. ಇಲ್ಲಾ ಅಂದರೆ ಯಾವ ಕಾಗದಕ್ಕೂ ಸಹಿ ಇಲ್ಲ.

"ಆಗ್ಲಿ ಬಿಡ್ರಿ ಮೇಡಂ," ಅಂದ. ಮೊದಲ ಸಲ ಸರ್‌ನ ಕೇಳದೆ ನನ್ನ ಮಾತಿಗೆ ಒಪ್ಪಿದ.

ಜುಲೈ 3, ಗುರುವಾರ

ಆಷಾಢ. ಗಾಡಿ ಶೋರೂಮಿಗೆ ಬಂದಿದೆ, ಮನೆಗೆ ತರುವಂತಿಲ್ಲ. ಬಸ್ಸು ಏಳೂ ಮೂವತ್ತೈದು. ನಿಂತೇ.

ಜುಲೈ 17, ಗುರುವಾರ

ಏಳೂ ಐವತ್ತು. ಹೆಡ್‌ಮಾಸ್ಟರು ನೋಟಿಸ್ ಕೊಟ್ಟರು. ಶಿವಕಾಂತ ನಾಲ್ಕು ದಿನದಿಂದ ಬಹಳ ನಯವಾಗಿ ಮಾತಾಡುತ್ತಾನೆ. ಏನೋ ಇದೆ.

ಆಗಸ್ಟ್ 4, ಶ್ರಾವಣ ಸೋಮವಾರ

ಇತ್ತು.

ಶೋರೂಮಿನ ಅಂಗಳ. ಕೆಂಪು ಗಾಡಿ, ಹೂವಿನ ಹಾರ, ನಾಲ್ಕು ಟೈರಿನ ಕೆಳಗೆ ನಾಲ್ಕು ನಿಂಬೆಹಣ್ಣು. ಕಣ್ಣು ತುಂಬಿತು. ಸುತ್ತು ಹಾಕಿ ಹಿಂದೆ ಬಂದೆ. ಹಿಂದಿನ ಗಾಜಿನ ತುಂಬ, ಈ ತುದಿಯಿಂದ ಆ ತುದಿಗೆ, ಹಳದಿ ರೇಡಿಯಂ ಅಕ್ಷರ: ಶಿವಕಾಂತ ಟ್ರೇಡರ್ಸ್, ಸಿಂಧನೂರು. ಕೆಳಗೆ ಮೊಬೈಲ್ ನಂಬರ್.

"ಹೆಂಗೈತಿ? ದಿನಾ ಲಿಂಗಸುಗೂರು ತನಕ ಹೋಕ್ಕೈತಿ, ಬರತೈತಿ. ಅಡ್ವಟೈಜ್ ಆತು!" ಅಂದ ಶಿವಕಾಂತ.

ಅತ್ತೆ ನೀರು ನಿವಾಳಿಸಿದರು. ಆರತಿ ತಟ್ಟೆ ನನ್ನ ಕೈಗೆ, ಕೀಲಿ ಅವನ ಕೈಗೆ. ನಿಂಬೆಹಣ್ಣಿನ ಮೇಲೆ ಗಂಡಸರೇ ಹತ್ತಿಸಬೇಕಂತೆ. ಅವನು ಕೂತ. ಬಂದ್ ಬಿತ್ತು. ಮತ್ತೆ ಬಂದ್ ಬಿತ್ತು. ಮೂರನೆಯದಕ್ಕೆ ಹತ್ತಿಸಿದ. ಎಲ್ಲರೂ ಚಪ್ಪಾಳೆ.

ನಾನು ಸುಮ್ಮನೆ ನಿಂತಿದ್ದೆ. ಆರುನೂರು ಮಕ್ಕಳಿಗೆ ಒಂದು ಸೀಟಿಯಲ್ಲಿ ಸಾವಧಾನ್ ಹೇಳುವವಳು. ಫೋಟೊದಲ್ಲಿ ನಗುತ್ತಾ ಇದ್ದೇನೆ. ಆ ಫೋಟೊ ಹರಿದು ಹಾಕಬೇಕು. ನಾನು ಬಾಯಿ ಮುಚ್ಚಿದ್ದಕ್ಕೆ ನನಗೇ ಕ್ಷಮೆ ಇಲ್ಲ.

ಮನೆಗೆ ಬಂದು ಕೀಲಿಯನ್ನು ಅಂಗಡಿಯ ಕೀಲಿಗಳ ಮೊಳೆಗೆ ತೂಗಿಹಾಕಿದ. "ನಾಳೆ ಬಸ್ಸಿಗೆ ಹೋಗು. ನಾ ತುರ್ವಿಹಾಳಕ್ಕ ಎಂಟ್ ಚೀಲ ಒಯ್ಯೋದೈತಿ."

ಆಗಸ್ಟ್ 5, ಬೆಳಗ್ಗೆ 7.40. ಮಸ್ಕಿ

ಮೊಳೆಯಿಂದ ಕೀಲಿ ತೆಗೆದದ್ದು ಆರೂ ಐವತ್ತಕ್ಕೆ. ಅತ್ತೆ ನೋಡಿದರು. ನಾನೂ ನೋಡಿದೆ. ಹೊರಟೆ.

ದಾರಿ ಖಾಲಿ. ಏಳರ ಬಸ್ಸಿಗೆ ಕಾಯುವ ಮಂದಿಯನ್ನು ದಾಟಿ ಬಂದೆ. ನಾಲ್ಕನೇ ಗೇರಿನಲ್ಲಿ ಗಾಡಿ ಹಾಡುತ್ತದೆ. ಕನ್ನಡಿಯಲ್ಲಿ ಮಾತ್ರ ಏನೂ ಕಾಣಲಿಲ್ಲ — ಬರೀ ಅವನ ಅಂಗಡಿಯ ಅಕ್ಷರ. ಹಿಂದೆ ಲಾರಿ ಹಾರ್ನ್ ಹೊಡೆದಾಗ ಜೀವ ಹೋಗಿ ಬಂತು.

ಮಸ್ಕಿ ಬಸ್ ಸ್ಟ್ಯಾಂಡ್ ಹೊರಗೆ ನಿಲ್ಲಿಸಿದೆ. ಶಾಲೆಯ ಫಸ್ಟ್ ಏಡ್ ಡಬ್ಬಿಯ ಬ್ಲೇಡ್ ಬ್ಯಾಗಿನಲ್ಲೇ ಇತ್ತು. "ಶಿ" ಹೋಯಿತು. "ವ" ಹೋಯಿತು. "ಕಾಂ" ಗಟ್ಟಿ ಹಿಡಿದಿತ್ತು, ಬಸ್ಸಿಗೆ ಕಾಯುತ್ತಿದ್ದ ಚಾಂದ್‌ಬೀ ನೀರಿನ ಬಾಟಲಿ ತಂದು ಉಗುರಿನಿಂದ ಕಿತ್ತಳು. ಅವಳಿನ್ನೂ ಕೆರೆಯುತ್ತಿದ್ದಾಳೆ, ನಾನು ಸ್ಟೇರಿಂಗ್ ಮೇಲೆ ಪುಸ್ತಕ ಇಟ್ಟು ಬರೆಯುತ್ತಿದ್ದೇನೆ.

"ಇಲ್ಲಿ ಯಾವ ಹೆಸರು ಹಚ್ಚಸ್ತೀ? ಭಾರತಿ ಏನ್ ಅಮರೇಶ್ವರಿ?"

"ಯಾವುದೂ ಬ್ಯಾಡ. ನಂಗ ಹಿಂದ ಬರೋದು ಕಾಣ್ಬೇಕು, ಅಷ್ಟ."

ಪ್ರಾರ್ಥನೆಗೆ ಇನ್ನೂ ಬಹಳ ಹೊತ್ತಿದೆ. ಫೋನು ಬಡಿದುಕೊಳ್ಳುತ್ತಿದೆ. ಇದು ಆರನೇ ಸಲ. ಎತ್ತುತ್ತೇನೆ. ಗಾಡಿ ಯಾರು ಒಯ್ದರು ಅಂತ ಕೇಳುತ್ತಾನೆ. ಹೇಳುತ್ತೇನೆ — ಭಾರತಿ ಒಯ್ದಾಳ, ನಿಮ್ಮ ಮನಿಯಾಗ ಸಂಬಳ ತರಾಕಿ.