ಸುಡದೆ ಉಳಿಸಿಕೊಂಡ ಪಟ

ಶಾಮ್ ಶುಯಿ ಪೊ, ಹಾಂಗ್‌ಕಾಂಗ್
ಸೋಮವಾರ

ಫುಂಗ್ ಅಣ್ಣನವರಿಗೆ, ಕಾಸ್ಟ್ಯೂಮ್ ಲಿನ್ ಮಾಡುವ ನಮಸ್ಕಾರಗಳು.

ಗುರುವಾರ ಬೆಳಿಗ್ಗೆ ನಿಮ್ಮ ಎದೆ ತೆರೆಯುತ್ತಾರಂತೆ. ಅದಕ್ಕೆ ಮೊದಲು ಈ ಕಾಗದ ನಿಮ್ಮ ಕೈ ಸೇರಬೇಕು. ಅಂಚೆಗೆ ಹಾಕಿದರೆ ತಡವಾದೀತು, ನರ್ಸಿಗೆ ಕೊಟ್ಟರೆ ಮರೆತಾಳು. ಅದಕ್ಕೇ ಅಂಟಿಸಿ, ಕೆನಡಾದಿಂದ ಬಂದಿರುವ ನಿಮ್ಮ ಮಗಳು ಸುಯೆಟ್ ಕೈಗೆ ಕೊಟ್ಟು ಹೋಗುತ್ತೇನೆ. ನಮ್ಮ ಕಟ್ಟಡದ ಮಾಳಿಗೆಯ ಮೇಲಿದ್ದ ಶಾಲೆಯಲ್ಲಿ ಮೂರನೇ ತರಗತಿಯವರೆಗೆ ಕಲಿತವಳು ನಾನು. ಆಮೇಲೆ ಅಮ್ಮನ ಜೊತೆ ಪ್ಲಾಸ್ಟಿಕ್ ಹೂವು ಜೋಡಿಸಲು ಕೂತುಬಿಟ್ಟೆ. ತಪ್ಪಿದ್ದರೆ ತಿದ್ದಿಕೊಂಡು ಓದಿ. ಇದನ್ನು ಬರೆಯುತ್ತಿರುವುದು ನಾಲ್ಕನೇ ಸಲ.

ನಾನು ಸಿನಿಮಾ ಸ್ಟುಡಿಯೋ ಸೇರಿದಾಗ ನೀವಿನ್ನೂ ಸಾಯುವ ಪಾತ್ರದವರು. ನಾಯಕನ ಒಂದು ಒದೆಗೆ ಬಿದ್ದು, ಅಂಗಿ ಬದಲಿಸಿ ಬಂದು, ಇನ್ನೊಂದು ಒದೆಗೆ ಬೀಳುವವರು. ಬೆಳಿಗ್ಗೆ ಡಕಾಯಿತ, ಊಟವಾದ ಮೇಲೆ ಸೈನಿಕ. ಆ ಅಂಗಿಗಳ ಬಣ್ಣದ ರಕ್ತ ಒಗೆದೂ ಒಗೆದೂ ನನ್ನ ಉಗುರು ಸದಾ ಕೆಂಪಗಿರುತ್ತಿತ್ತು. "ಏನೇ ಲಿನ್, ಮದುವೆ ಗೊತ್ತಾಯ್ತಾ? ಉಗುರಿಗೆಲ್ಲಾ ಬಣ್ಣ!" ಎಂದು ರೇಗಿಸಿದ್ದಿರಿ. ಆಮೇಲೆ ನೀವೇ ಒದೆಯುವವರಾದಿರಿ. ಪೋಸ್ಟರಿನಲ್ಲಿ ನಿಮ್ಮ ತಲೆ ಬಸ್ಸಿನಷ್ಟು ದೊಡ್ಡದಾಯಿತು. ಆದರೂ ಬಿಚ್ಚಿದ ಅಂಗಿಯನ್ನು ಮಡಚಿ ಕೊಡುತ್ತಿದ್ದ ನಾಯಕರು ನೀವೊಬ್ಬರೇ.

ಮೂವತ್ತನಾಲ್ಕನೇ ವಯಸ್ಸಿಗೆ ನಿರ್ದೇಶಕರಾಗಲು ಹೊರಟಿರಿ. ಒದೆಯಿಲ್ಲ, ಕತ್ತಿಯಿಲ್ಲ, ಸತ್ತ ಮಗನ ಪಟದೆದುರು ಕೂತು ದಿನವೂ ಅವನಿಗೆ ಕೇರಿಯ ಸುದ್ದಿ ಹೇಳುವ ತಾಯಿಯ ಕತೆ. "ಅಳೋಕೆ ಅವರವರ ಮನೇಲೇ ಬೇಕಾದಷ್ಟಿರತ್ತೆ ಕಣಯ್ಯಾ, ಟಿಕೆಟ್ ಯಾಕೆ ತಗೋತಾರೆ?" ಎಂದರು ನಿರ್ಮಾಪಕರು. ನೀವು ಕೇಳಲಿಲ್ಲ. ಮಗನ ಪಟಕ್ಕೆ ನಿಮ್ಮದೇ ಫೋಟೋ ಆಗಲಿ ಎಂದಿರಿ. ಫೋಟೋದವನು ಎಷ್ಟು ಹೇಳಿದರೂ ನಿಮ್ಮ ಮುಖ ನಾಯಕನ ಮುಖವೇ ಆಗುತ್ತಿತ್ತು. ಕೊನೆಗೆ ನಾನು ಬಂದು ಕಾಲರಿಗೆ ಪಿನ್ನು ಚುಚ್ಚಿ ಹಿಂದೆ ಸರಿದೆ. ಎಲ್ಲಿ ಚುಚ್ಚೀತೋ ಎಂದು ನೀವು ನನ್ನನ್ನೇ ನೋಡುತ್ತಿದ್ದಿರಿ, ಅಷ್ಟರಲ್ಲಿ ಅವನು ತೆಗೆದುಬಿಟ್ಟ. ಆ ಫೋಟೋದಲ್ಲಿ ನೀವು ಯಾರ ಪಾತ್ರವನ್ನೂ ಮಾಡುತ್ತಿರಲಿಲ್ಲ.

ಚಿತ್ರೀಕರಣ ಮುಗಿದ ದಿನ ಸೆಟ್ಟಿನ ಸಾಮಾನು ನೋಡಿಕೊಳ್ಳುವ ಚೌ ಮೇಷ್ಟ್ರು ನಿಮ್ಮ ಕೈಗೆ ಶಕುನದ ದುಡ್ಡಿಟ್ಟ ಕೆಂಪು ಲಕೋಟೆ ಕೊಟ್ಟು ದೃಷ್ಟಿ ಕಳೆದರು. ನೆಗೆಟಿವನ್ನು ತಾವೇ ಸುಟ್ಟರು. ಪಟವನ್ನು ನನ್ನ ಕೈಗಿತ್ತರು. "ಬದುಕಿರೋನ ಮುಖಕ್ಕೆ ಊದುಬತ್ತಿ ಹಚ್ಚಿದ್ದೀವಿ, ಹುಡುಗಾಟ ಅಲ್ಲ. ಸುಡು. ಬೂದಿ ಆರೋವರ್ಗೂ ಅಲ್ಲೇ ನಿಂತಿರು."

ನಾನು ಸುಟ್ಟಿದ್ದು ಹಳೆಯ ಕ್ಯಾಲೆಂಡರ್, ಅಣ್ಣ. ಅದರ ಬೂದಿಯನ್ನೇ ಮೇಷ್ಟ್ರಿಗೆ ತೋರಿಸಿದೆ.

ಯಾಕೆ ಎಂದು ಕೇಳಬೇಡಿ. ಯಾರೂ ನನ್ನನ್ನು ಅಷ್ಟು ಹೊತ್ತು ನೋಡಿರಲಿಲ್ಲ, ಪಿನ್ನಿನ ಹೆದರಿಕೆಗೇ ಆಗಲಿ.

ಹದಿನೆಂಟು ವರ್ಷದಿಂದ ಅದು ನನ್ನ ಮನೆಯಲ್ಲಿದೆ. ಮುಖ ಕೆಳಗೆ ಮಾಡಿಟ್ಟರೆ ನಿಮಗೆ ಉಸಿರು ಕಟ್ಟೀತು, ಮೇಲೆ ಮಾಡಿಟ್ಟರೆ ಹೆಣ ಮಲಗಿಸಿದಂತಾದೀತು ಎಂದು ಎರಡು ಚಳಿಗಾಲದ ಹೊದಿಕೆಗಳ ನಡುವೆ ನಿಲ್ಲಿಸಿದ್ದೇನೆ. ಆ ಚಿತ್ರ ನಾಲ್ಕೇ ದಿನಕ್ಕೆ ಥಿಯೇಟರಿನಿಂದ ಇಳಿಯಿತು, ನನ್ನಿಂದಲೇ ಎಂದುಕೊಂಡೆ. ಬಿದಿರಿನ ಅಟ್ಟಣಿಗೆಯಿಂದ ಬಿದ್ದು ನಿಮ್ಮ ಕಾಲು ಮುರಿಯಿತು, ನನ್ನಿಂದಲೇ. ಅತ್ತಿಗೆ ಸುಯೆಟ್‌ಳನ್ನು ಕರೆದುಕೊಂಡು ಕೆನಡಾಕ್ಕೆ ಹೊರಟುಹೋದ ದಿನ ಬೆಂಕಿಪೊಟ್ಟಣ ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದೆ. ಆದರೆ ಸುಟ್ಟಿದ್ದರಿಂದಲೇ ಇನ್ನೇನಾದರೂ ಆದರೆ? ಮತ್ತೆ ಹೊದಿಕೆಯ ನಡುವೆ ಇಟ್ಟೆ. ನಿಮ್ಮ ಎರಡನೇ ಚಿತ್ರಕ್ಕೆ ಬಹುಮಾನ ಬಂದಾಗ, ವೇದಿಕೆಯ ಮೇಲೆ ಕುಂಟುತ್ತಾ ಹೋಗಿ ನೀವು ತೆಗೆದುಕೊಂಡಾಗ ಮಾತ್ರ ಪಟದ ನೆನಪೇ ಆಗಲಿಲ್ಲ ನೋಡಿ. ಒಳ್ಳೆಯದೆಲ್ಲ ನಿಮ್ಮಿಂದ, ಕೆಟ್ಟದ್ದೆಲ್ಲ ನನ್ನಿಂದ ಎಂದೇ ಬದುಕಿದವಳು ನಾನು.

ನಿನ್ನೆ ಸೂಪು ತಂದಾಗ ಎಲ್ಲ ಹೇಳಿಬಿಡಬೇಕೆಂದೇ ಬಂದಿದ್ದೆ. ನೀವು ನಗಿಸಲು ಶುರುಮಾಡಿದಿರಿ. "ಈ ಆಸ್ಪತ್ರೆ ಅಂಗಿ ನೋಡೇ, ಹಿಂದೆ ಗುಂಡಿನೇ ಇಲ್ಲ. ನಮ್ಮ ಸೆಟ್ಟಲ್ಲಿ ಹಿಂಗಿದ್ದಿದ್ರೆ ನೀನು ದರ್ಜಿನ ಓಡಿಸ್ತಿದ್ದೆ." ಸುಯೆಟ್ ಬಿಸಿನೀರು ತರಲು ಹೋದ ಮೇಲೆ ದನಿ ತಗ್ಗಿಸಿದಿರಿ.

"ಹೆಚ್ಚುಕಮ್ಮಿ ಆದ್ರೆ ಇರಲಿ ಅಂತ ಅವಳು ಗುಟ್ಟಾಗಿ ನನ್ನದೊಂದು ಫೋಟೋ ಹುಡುಕ್ತಿದಾಳೆ ಕಣೇ. ಸಾವಿರ ಇವೆ. ಒಂದರಲ್ಲೂ ನಾನಿಲ್ಲ. ಎಲ್ಲಾ ಯಾವ್ಯಾವನೋ ಹೀರೋ, ಯಾವ್ಯಾವನೋ ಪೊಲೀಸು. ನಾನು ಅಂತ ಇದ್ದದ್ದು ಆ ತಾಯಿ ಸಿನಿಮಾದ ಪಟ ಒಂದೇ. ಪರದೆ ಮೇಲೆ ಊದುಬತ್ತಿ ಹೊಗೇಲಿ ಅದೂ ಸರಿಯಾಗಿ ಕಾಣಲ್ಲ. ಅದನ್ನ ನೀನು ಸುಟ್ಟುಬಿಟ್ಟೆ."

ನನ್ನ ಬಾಯಲ್ಲಿ ಬಂದದ್ದು, "ಸೂಪು ಆರತ್ತೆ ಕುಡೀರಿ ಅಣ್ಣ," ಅಷ್ಟೇ. ಬಸ್ಸಿನಲ್ಲಿ ನನ್ನ ನಿಲ್ದಾಣ ದಾಟಿ ಹೋದದ್ದೂ ತಿಳಿಯಲಿಲ್ಲ.

ಈಗ ಕೊಟ್ಟರೆ, ಇಷ್ಟು ವರ್ಷ ನಿಮ್ಮ ಸಾವಿಗೆಂದೇ ಅದನ್ನು ಜೋಪಾನ ಮಾಡಿಟ್ಟಂತಾಗುತ್ತದೆ. ಈಗ ಸುಟ್ಟರೆ, ನಿಮಗೆ ನಿಮ್ಮದೆಂದು ಇರುವ ಒಂದೇ ಮುಖ ಹೋಗುತ್ತದೆ. ಯೋಚಿಸಿ ಯೋಚಿಸಿ ಅನ್ನ ಎರಡು ಸಲ ಸೀಯಿಸಿದೆ. ಕೊನೆಗೆ ಗಟ್ಟಿ ಮಾಡಿಕೊಂಡಿದ್ದೇನೆ: ಪಟವನ್ನು ಸುಯೆಟ್ ಕೈಗೆ ಕೊಡುವುದಿಲ್ಲ. ಅವಳು ಅತ್ತು ಬೇಡಿದರೂ ಕೊಡುವುದಿಲ್ಲ. ಊದುಬತ್ತಿ ಹಚ್ಚುವ ಜಾಗಕ್ಕೆ ಆ ಪಟ ಮತ್ತೊಮ್ಮೆ ಹೋಗಕೂಡದು. ಊಟದ ಮೇಜಿನ ಎದುರು, ನೀವು ದಿನವೂ ತಟ್ಟೆಯಿಂದ ತಲೆ ಎತ್ತಿ ನೋಡುವ ಗೋಡೆಗೆ ತೂಗುಹಾಕುವುದಾದರೆ ಮಾತ್ರ ನಿಮ್ಮದು. ಅದಕ್ಕೆ ನೀವೇ ಬರಬೇಕು. ಸಿಟ್ಟಿದ್ದರೆ ಬಂದೇ ಬೈಯಿರಿ, ಕೇಳಿಸಿಕೊಳ್ಳುತ್ತೇನೆ.

ಹೊಲಿಗೆ ಬಿಚ್ಚಿದ ತಕ್ಷಣ ಓಡಿ ಬರಬೇಡಿ, ಡಾಕ್ಟರು ಹೂಂ ಎನ್ನಲಿ. ಹೊದಿಕೆಗಳನ್ನು ಪಕ್ಕಕ್ಕೆ ಸರಿಸಿ, ಪಟದ ಗಾಜು ಒರೆಸಿಟ್ಟಿರುತ್ತೇನೆ. ನಮ್ಮ ಲಿಫ್ಟು ನಾನಿರುವ ಏಳನೇ ಮಹಡಿಯಲ್ಲಿ ನಿಲ್ಲುವುದಿಲ್ಲ. ಆರರಲ್ಲಿ ಇಳಿದು ಹತ್ತಬೇಡಿ, ಎಂಟಕ್ಕೆ ಹೋಗಿ ಒಂದು ಮಹಡಿ ಇಳಿದು ಬನ್ನಿ. ಇಳಿಯುವುದು ಎದೆಗೆ ಸುಲಭ.

ಡಾಕ್ಟರ ಕೈ ನಡುಗದಿರಲಿ, ಎದೆಯ ಹೊಲಿಗೆ ನೇರವಾಗಿ ಕೂರಲಿ.

ಬಾಗಿಲು ತೆರೆದಿಟ್ಟುಕೊಂಡು,
ನಿಮ್ಮ ಲಿನ್